ಓರೆ ಬೀದಿ

ಸಾವಂತ್ರಮ್ಮ ಮಣೆಗೆ ಕೂರುವ ತನಕ ನಮ್ಮ ಊರಿನಲ್ಲಿ ಓರೆಯಾದ ಬೀದಿ ಅಂತ ಒಂದೂ ಇರಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಊರು. ಮೇಲಿಂದ ಕೆಳಕ್ಕೆ ಬರುವ ಬೀದಿಗಳು ನೆಟ್ಟಗೆ ಬರುತ್ತಿದ್ದವು, ಅಡ್ಡ ಬೀದಿಗಳು ಅಡ್ಡಕ್ಕೇ ಹಾಯುತ್ತಿದ್ದವು, ಎರಡೂ ಸೇರುವಲ್ಲಿ ಬಡಗಿಯ ಮೂಲೆಮಟ್ಟ ಇಟ್ಟರೆ ಕೂದಲು ತೂರುವಷ್ಟೂ ಸಂದಿ ಇರುತ್ತಿರಲಿಲ್ಲ. ನೋಡುವುದಕ್ಕೆ ಚೆಂದ. ಹತ್ತುವುದಕ್ಕೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಗುಡ್ಡ ಎಷ್ಟು ಕಡಿದೋ ಬೀದಿಯೂ ಅಷ್ಟೇ ಕಡಿದು. ಹಾಗಾಗಿ ಮೇಲಕ್ಕೆ ಹೋಗುವ ಬೀದಿಗಳೆಲ್ಲ ಮೆಟ್ಟಿಲುಗಳೇ. ಸಂತೆ, ಶಾಲೆ, ಆಸ್ಪತ್ರೆ ಮೇಲ್ಪೇಟೆಯಲ್ಲಿ. ಕೆರೆ, ಗಾಣ, ಬಟ್ಟೆ ಒಗೆಯುವ ಕಲ್ಲು ನಮ್ಮ ಕೆಳಗೇರಿಯಲ್ಲಿ. ನಡುವೆ ಮಂಡಿಚಿಪ್ಪು ಸವೆಸುವ ಮೆಟ್ಟಿಲು. ಒಂದು ವಯಸ್ಸು ದಾಟಿದ ಮೇಲೆ ಮೇಲಿನವರು ಮೇಲೇ ಉಳಿಯುತ್ತಿದ್ದರು, ಕೆಳಗಿನವರು ಕೆಳಗೇ.

ಇದಕ್ಕೆಲ್ಲ ಕಾರಣ ಇಟ್ಟಿಗೆ. ಚಾವಡಿಯ ನಡುಮನೆಯಲ್ಲಿ ಒಂದು ದೊಡ್ಡ ಹಸಿರು ಮಣೆ ಇದೆ, ಮೈತುಂಬ ಸಾಲುಸಾಲಾಗಿ ಗುಂಡಿಯಂಥ ಗುಬುಟುಗಳಿರುವ ಮಣೆ. ಅದರ ಮೇಲೆ ಆಟದ ಇಟ್ಟಿಗೆಗಳಿಂದ ಕಟ್ಟಿದ ನಮ್ಮ ಊರು. ಮಕ್ಕಳು ಒಂದರ ಮೇಲೊಂದು ಒತ್ತಿ ಕೂರಿಸುವ, ಕೆಂಪು ಹಳದಿ ನೀಲಿ ಬಿಳಿಯ ಅವೇ ಇಟ್ಟಿಗೆಗಳು. ಮಳೆಗಾಲ ಮುಗಿದ ಮೇಲೆ ಕೇರಿಗೊಬ್ಬರಂತೆ ಮಣೆಯ ಸುತ್ತ ಕೂತು ತಮ್ಮ ತಮ್ಮ ಕೇರಿಯನ್ನು ತಿದ್ದುತ್ತಾರೆ. ಕಾರ್ತಿಕದ ಹುಣ್ಣಿಮೆ ಕಳೆದ ಮರುದಿನ ಬೆಳಿಗ್ಗೆ ಊರು ಮಣೆಯ ಮೇಲೆ ಹೇಗಿದೆಯೋ ಹಾಗೆ ಕೂರುತ್ತದೆ. ಆ ಬೆಳಿಗ್ಗೆ ನಾವು ಒಲೆ ಹಚ್ಚುವುದಿಲ್ಲ. ಬಿಂದಿಗೆಗೆ ಅರ್ಧಕ್ಕಿಂತ ಹೆಚ್ಚು ನೀರು ಹಿಡಿಯುವುದಿಲ್ಲ. ಗೋಡೆಯ ಗಡಿಯಾರ, ಹಿರಿಯರ ಫೋಟೋ ಎಲ್ಲ ಇಳಿಸಿ ಹಾಸಿಗೆಯ ಮೇಲೆ ಮಲಗಿಸುತ್ತೇವೆ. ಹಸುವಿನ ಹಗ್ಗ ಬಿಚ್ಚುತ್ತೇವೆ. ಆಮೇಲೆ ಬಾಗಿಲು ತೆರೆದು, ಎದುರಿಗೆ ಈ ವರ್ಷ ಯಾರ ಮನೆ ಬಂತು ಅಂತ ನೋಡುತ್ತೇವೆ. ಅಂಚೆಯವನು ಆ ವಾರವೆಲ್ಲ ಕೇಳಿಕೊಂಡು ಕೇಳಿಕೊಂಡು ಕಾಗದ ಹಂಚುತ್ತಾನೆ, ಯಾರೂ ಅವನನ್ನು ಬೈಯುವುದಿಲ್ಲ.

ಮಣೆಗೆ ಕಟ್ಟಳೆ ಎರಡೇ. ಒಪ್ಪದವರ ಮನೆಯನ್ನು ಮುಟ್ಟುವಂತಿಲ್ಲ. ಮತ್ತೆ, ಯಾವ ಇಟ್ಟಿಗೆಯೂ ಸಡಿಲವಾಗಿರುವಂತಿಲ್ಲ, ಗುಬುಟಿಗೆ ಕಚ್ಚಿಯೇ ಕೂತಿರಬೇಕು. ಅಂಟು, ಮೇಣ, ದಾರ ಯಾವುದೂ ನಡೆಯುವುದಿಲ್ಲ. ಮಣೆಯ ಮೇಲೆ ಕಚ್ಚಿ ಕೂರದ ಮನೆ ಊರಿನಲ್ಲೂ ನೆಲೆ ನಿಲ್ಲುವುದಿಲ್ಲ. ಗಡಗಡ ಅನ್ನುತ್ತಲೇ ಇದ್ದು ಒಂದು ದಿನ ಬೀಳುತ್ತದೆ. ಇದನ್ನು ಕಾಯುವವರು ಮಣೆಯ ಯಜಮಾನರಾದ ಕರಿಬಸಯ್ಯನವರು. ಅವರ ಹರೆಯದಲ್ಲಿ ಯಾರೋ ಅವಸರಕ್ಕೆ ಅರ್ಧ ಒತ್ತಿ ಬಿಟ್ಟ ಒಂದು ಸಾಲು ಮನೆ ಸಂಕ್ರಾಂತಿಯ ಒಳಗೇ ಕುಸಿದು, ಅವರ ತಮ್ಮ ಅದರಡಿ ಸಿಕ್ಕಿಕೊಂಡಿದ್ದ. ಬದುಕಿದ, ಆದರೆ ಒಂದು ಕಾಲು ಹೋಯಿತು. ಅಂದಿನಿಂದ ಕರಿಬಸಯ್ಯನವರು ಪ್ರತಿವರ್ಷ ಕೆಲಸ ಮುಗಿದ ಮೇಲೆ ನಾಲ್ಕು ಜನರಿಂದ ಮಣೆಯನ್ನು ಎತ್ತಿಸಿ, ಬುಡಮೇಲು ಹಿಡಿಸಿ, ಅದರ ಬೆನ್ನನ್ನು ಹೆಬ್ಬೆರಳಿನಿಂದ ತಟ್ಟುತ್ತಾ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಒಂದು ಚೂರು ಕೆಳಗೆ ಬಿದ್ದರೂ ಆ ಕೇರಿಯ ಕೆಲಸ ರದ್ದು. ಮತ್ತೆ ಹಳೆಯ ಕೇರಿಯೇ.

ಸಾವಂತ್ರಮ್ಮ ನನ್ನ ಪಕ್ಕದ ಮನೆಯವಳು. ನಮ್ಮಿಬ್ಬರ ಅಡುಗೆಮನೆಗೂ ಒಂದೇ ಗೋಡೆ. ಎಷ್ಟೋ ವರ್ಷ ಊರು ಕೂತರೂ ಆ ಗೋಡೆಯನ್ನು ಬೇರೆ ಮಾಡಲು ಇಬ್ಬರೂ ಒಪ್ಪಿರಲಿಲ್ಲ. ನಲವತ್ತು ದಾಟಿದ ಗಟ್ಟಿ ಹೆಂಗಸು. ಹಪ್ಪಳ ಸಂಡಿಗೆ ಮಾಡಿ, ಡಬ್ಬಗಳನ್ನು ತಲೆಯ ಮೇಲೊಂದು ಕಂಕುಳಲ್ಲೊಂದು ಇಟ್ಟುಕೊಂಡು ಮೇಲ್ಪೇಟೆಯ ಸಂತೆಗೆ ಹತ್ತುತ್ತಿದ್ದಳು. ಅವಳ ಗಂಡ ಮರಿಯಪ್ಪ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದವನು. ಒಂದು ಮದುವೆ ಮುಗಿಸಿ ಇಳಿಯುವಾಗ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡ. ಆಮೇಲೆ ಅವನಿಗೆ ಗಾಲಿಕುರ್ಚಿಯೇ ಕಾಲು. ಕುರ್ಚಿಯಲ್ಲಿ ಕೂತೇ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ, ಸಂಜೆ ಕೇರಿಯ ಉದ್ದಕ್ಕೂ ಗಾಲಿ ತಳ್ಳಿಕೊಂಡು ಹೋಗಿ ಮೆಟ್ಟಿಲಿನ ಬುಡ ಮುಟ್ಟಿ ವಾಪಸು ಬರುತ್ತಿದ್ದ. ಅಷ್ಟೇ ಅವನ ಊರು. ಒಮ್ಮೆ ಆಸ್ಪತ್ರೆಗೆ ಅಂತ ನಾಲ್ಕು ಜನ ಅವನನ್ನು ಕುರ್ಚಿಯ ಸಮೇತ ಹೊತ್ತುಕೊಂಡು ಹತ್ತಿದ್ದರು. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ಮನೆಗೆ ಬಂದವನೇ, "ಇನ್ನೊಂದ್ಸಲ ನನ್ನ ಹಂಗೆ ಹೊರೋದಾದ್ರೆ ಹೆಣವಾದ ಮೇಲೆ ಹೊರಲಿ" ಅಂದ. ಗೋಡೆಯ ಈಚೆಯಿಂದ ನನಗೆ ಕೇಳಿಸಿದ್ದು ಸಾವಂತ್ರಮ್ಮ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಉಜ್ಜಿದ ಸದ್ದು ಮಾತ್ರ.

ನಮ್ಮ ಕೇರಿಯ ಪರವಾಗಿ ಮಣೆಗೆ ಕೂರುತ್ತಿದ್ದ ಹನುಮಕ್ಕನಿಗೆ ಕಣ್ಣು ಮಂಜಾದ ವರ್ಷ, ಬೆರಳು ಚುರುಕು ಅಂತ ಕೇರಿಯವರು ಸಾವಂತ್ರಮ್ಮನನ್ನು ಆರಿಸಿದರು. ಕೆರೆಯ ಕಟ್ಟೆಯ ಮೇಲೆ ಸೇರಿ ತಮಗೆ ಬೇಕಾದ್ದನ್ನು ಹೇಳಿದರು. ಇನ್ನೊಂದು ನಲ್ಲಿ ಬೇಕು. ಒಗೆಯುವ ಕಲ್ಲಿಗೆ ನೆರಳು ಬೇಕು. ಎಲ್ಲ ಕೇಳಿಸಿಕೊಂಡು ಅವಳು ಅಂದಳು, "ಅದೆಲ್ಲ ಮಾಡಾಣ. ಜೊತೆಗೆ ನಾನೊಂದು ಬೀದಿ ಮಾಡ್ತೀನಿ. ಓರೆಯಾಗಿ ಹತ್ತೋ ಬೀದಿ. ಮೆಟ್ಟಿಲಿಲ್ದೆ."

ಜನ ನಕ್ಕರು, ಕೆಟ್ಟ ನಗುವಲ್ಲ. "ಇಟ್ಟಿಗೇಗೆ ಓರೆ ಅಂದ್ರೆ ಗೊತ್ತಿಲ್ಲ ಸಾವಂತ್ರಕ್ಕ" ಅಂದಳು ಹನುಮಕ್ಕ. "ನಾನೂ ಒಂದು ಕಾಲದಲ್ಲಿ ಒದ್ದಾಡಿ ಬಿಟ್ಟಿದೀನಿ."

"ಗೊತ್ತಿಲ್ದಿದ್ರೆ ಕಲಿಸಾಣ" ಅಂದಳು ಸಾವಂತ್ರಮ್ಮ.

ಕೇರಿಯ ಪಾಲಿನ ಇಟ್ಟಿಗೆ ಡಬ್ಬವನ್ನೂ ಅಭ್ಯಾಸಕ್ಕೆ ಅಂತ ಒಂದು ಸಣ್ಣ ಮಣೆಯನ್ನೂ ಮನೆಗೆ ತಂದಳು. ಮಧ್ಯಾಹ್ನ ಹಪ್ಪಳ ಒಣಗಲು ಹಾಕಿದ ಮೇಲೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಶುರುಮಾಡುತ್ತಿದ್ದಳು. ನಾನೂ ಹೋಗಿ ಕೂರುತ್ತಿದ್ದೆ. ಮೊದಲು ಅವಳು ಇಟ್ಟಿಗೆಗಳನ್ನು ಒಂದು ಅಡ್ಡ, ಒಂದು ಮೇಲೆ, ಮತ್ತೊಂದು ಅಡ್ಡ, ಮತ್ತೊಂದು ಮೇಲೆ ಹೀಗೆ ಜೋಡಿಸಿದಳು. ದೂರದಿಂದ ಓರೆಯಾಗಿ ಕಂಡಿತು, ಹತ್ತಿರದಿಂದ ಗರಗಸದ ಹಲ್ಲು. ಮರಿಯಪ್ಪ ಕುರ್ಚಿಯಿಂದ ಬಗ್ಗಿ ನೋಡಿ, "ಇದ್ರಲ್ಲಿ ನಾನು ಹತ್ತಬೇಕಾದ್ರೆ ಹೆಜ್ಜೆಗೊಂದು ಸಲ ಕುರ್ಚಿ ತಿರುಗಿಸ್ಬೇಕು. ಮೇಲೆ ಹೋಗೋಷ್ಟರಲ್ಲಿ ತಲೆ ತಿರುಗಿ ಬಿದ್ದಿರ್ತೀನಿ" ಅಂದ. ಅವಳು ಕಿತ್ತಳು. ಆಮೇಲೆ ಒಂದು ಉದ್ದನೆಯ ಪಟ್ಟಿಯನ್ನು ಓರೆಯಾಗಿ ಇಟ್ಟು ಒತ್ತಿದಳು. ಅದು ಗುಬುಟುಗಳ ತಲೆಯ ಮೇಲೆ ಹಾಗೇ ನಿಂತಿತು, ಉಫ್ ಅಂದರೆ ಜಾರಿತು. ಡಬ್ಬದಲ್ಲಿ ಬಾಗಿಲಿನ ಕೀಲಿನಂಥ ಎರಡು ಇಟ್ಟಿಗೆಗಳಿದ್ದವು. ಅವನ್ನು ತುದಿಗೆ ಸಿಕ್ಕಿಸಿದಳು. ಪಟ್ಟಿ ಬೇಕಾದ ಕಡೆಗೆಲ್ಲ ತಿರುಗಿತು, ಆದರೆ ತಿರುಗುತ್ತಲೇ ಇತ್ತು. ಇನ್ನೊಂದು ತುದಿಗೆ ಹಿಡಿತವೇ ಇಲ್ಲ. ಅಂಥ ಬೀದಿ ಊರಿನಲ್ಲಿ ಬಂದರೆ ಗಾಳಿ ಬೀಸಿದಾಗಲೆಲ್ಲ ಆಚೀಚೆ ಹೊರಳುತ್ತಿತ್ತೇನೋ.

"ಬಿಟ್ಬಿಡು ಮಾರಾಯ್ತಿ" ಅಂದ ಮರಿಯಪ್ಪ. "ನನಗೋಸ್ಕರ ಅಂತಾದ್ರೆ ಬಿಟ್ಬಿಡು. ನನಗೆ ಇಲ್ಲೇ ಅಭ್ಯಾಸ ಆಗಿದೆ."

"ನಿಮಗೋಸ್ಕರ ಅಂತ ಯಾರು ಹೇಳಿದ್ರು? ಡಬ್ಬ ಹೊತ್ತು ಹೊತ್ತು ನನ್ನ ಕತ್ತು ಒಳಕ್ಕೆ ಹೋಗಿದೆ" ಅಂದಳು ಅವಳು, ತಲೆ ಎತ್ತದೆ.

ಒಂದು ದಿನ ಅವಳಿಗೆ ಪಟ್ಟಿ ಗುಬುಟುಗಳಿಗೆ ತಗಲುತ್ತಿರುವುದೇ ತೊಂದರೆ ಅನ್ನಿಸಿತು. ಒಂಟಿ ಗುಬುಟಿನ ಎರಡು ದುಂಡು ಇಟ್ಟಿಗೆ ತೆಗೆದುಕೊಂಡು, ಸೇತುವೆಗೆ ಕಂಬ ಕೊಟ್ಟ ಹಾಗೆ, ಪಟ್ಟಿಯ ಎರಡೂ ತುದಿಗೆ ಒಂದೊಂದು ಕಾಲು ಕೊಟ್ಟಳು. ಒಂದು ಕಾಲನ್ನು ಮಣೆಗೆ ಒತ್ತಿ ಕೂರಿಸಿ, ಅದನ್ನೇ ಗೂಟ ಮಾಡಿಕೊಂಡು ಇನ್ನೊಂದು ತುದಿಯನ್ನು ನಿಧಾನವಾಗಿ ಸುತ್ತಿಸತೊಡಗಿದಳು, ಪ್ರತಿ ಗುಬುಟಿನ ಹತ್ತಿರವೂ ಒಂದು ಸಲ ಒತ್ತಿ ನೋಡುತ್ತಾ. ಎಲ್ಲೂ ಕೂರಲಿಲ್ಲ. ಪಟ್ಟಿ ಚಿಕ್ಕದು ಮಾಡಿ ಮತ್ತೆ ಸುತ್ತಿಸಿದಳು. ಇಲ್ಲ. ಇನ್ನೂ ಚಿಕ್ಕದು. ಕಿಟಕಿಯ ಹತ್ತಿರ ಮರಿಯಪ್ಪ ಒಂದು ಹಾರ್ಮೋನಿಯಮ್ಮಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ, ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ಅವಳು ಒತ್ತುತ್ತಾ ಹೋದಳು, ಟಪ್, ಟಪ್, ಟಪ್. ಬೇಜಾರಿನಲ್ಲಿ ಕೈ ತಾನಾಗೇ ಓಡುತ್ತಿತ್ತು. ಮರಿಯಪ್ಪ ತಟ್ಟನೆ ತಲೆ ಎತ್ತಿದ.

"ನಿಲ್ಲು. ಹಿಂದಕ್ಕೆ ಹೋಗು."

"ಏನು?"

"ಈಗ ಬಂದಿದ್ದು ಬೇರೆ ಶಬ್ದ. ಉಳಿದಿದ್ದೆಲ್ಲ ಮೇಲೆ ಹೊಡೆದಿದ್ದು. ಇದು ಒಳಗೆ ಹೋಗಿದ್ದು."

ಅವಳು ಹಿಂದಕ್ಕೆ ತಂದು ಮತ್ತೆ ಒತ್ತಿದಳು. ಟಕ್. ಕೈಬಿಟ್ಟು ಮಣೆಯನ್ನು ಎತ್ತಿ ಬುಡಮೇಲು ಮಾಡಿದಳು. ಪಟ್ಟಿ ಅಲ್ಲೇ ಇತ್ತು. ಓರೆಯಾಗಿ, ಬಾವಲಿ ಹಾಗೆ, ಮಣೆಗೆ ಕಚ್ಚಿಕೊಂಡು. ಜಾಡಿಸಿದಳು. ಬೀಳಲಿಲ್ಲ. ಆಮೇಲೆ ಅವಳು ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಪಟ್ಟಿಯ ಮೇಲೆ ಬೆರಳಾಡಿಸುತ್ತಾ, "ಇಲ್ಲೇ ಯಾಕೆ ಕೂತ್ಕೊಂತು?" ಅಂದಳು. ಅವಳಿಗೆ ಸಂತೋಷಕ್ಕಿಂತ ಅದೇ ದೊಡ್ಡದಾಗಿತ್ತು.

ಆ ಪ್ರಶ್ನೆಯನ್ನು ಹೊತ್ತುಕೊಂಡು ಮೇಲ್ಪೇಟೆಗೆ ಹತ್ತಿ, ಅಲ್ಲಿಯವರ ಪರವಾಗಿ ಮಣೆಗೆ ಕೂರುವ ಮಂದಾಕಿನಿ ಟೀಚರನ್ನು ಕರೆದುಕೊಂಡು ಬಂದಳು. ಟೀಚರು ಶಾಲೆಯಲ್ಲಿ ಗಣಿತ ಹೇಳುವವರು, ಮದುವೆಯಾಗದೆ ಪುಸ್ತಕಗಳ ನಡುವೆ ಇರುವವರು, ನಮ್ಮ ಕೇರಿಗೆ ಇಳಿದದ್ದು ಬಹುಶಃ ಅದೇ ಮೊದಲು. ನೆಲದ ಮೇಲೆ ಕೂತು ಮಣೆಯನ್ನು ನೋಡಿದವರೇ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಅಡ್ಡಕ್ಕೆ ನಾಲ್ಕು, ಮೇಲಕ್ಕೆ ಮೂರು. ಓರೆಗೆ ಸರಿಯಾಗಿ ಐದು" ಅಂದರು. "ಇದನ್ನ ಪ್ರತಿವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸ್ತೀನಲ್ಲ ಸಾವಂತ್ರಮ್ಮ. ಹೀಗೆ ಕೈಗೆ ಸಿಗುತ್ತೆ ಅಂತ ನಂಗೂ ಹೊಳೆದಿರ್ಲಿಲ್ಲ." ಅವರ ಮುಖ ಪರೀಕ್ಷೆ ಪಾಸಾದ ಹುಡುಗಿಯದಾಗಿತ್ತು.

ಆದರೆ ಮರಿಯಪ್ಪ ಆ ಪಟ್ಟಿಯನ್ನೂ ಹೊರಗಿನ ಗುಡ್ಡವನ್ನೂ ಒಂದಾದ ಮೇಲೊಂದು ನೋಡಿ ತಲೆಯಾಡಿಸಿದ. "ಮೆಟ್ಟಿಲಿಗಿಂತ ವಾಸಿ. ಆದ್ರೂ ಕಡಿದೇ. ಮೂರು ಪಾಲು ಮೇಲಕ್ಕೆ ಹೋಗೋಕೆ ನಾಲ್ಕೇ ಪಾಲು ಅಡ್ಡ ಅಂದ್ರೆ ಕುರ್ಚಿ ಹಿಂದಕ್ಕೆ ಮಗುಚುತ್ತೆ." ಟೀಚರು ಕಾಫಿ ಕುಡಿದು, ಯೋಚನೆ ಮಾಡುತ್ತಲೇ ಚಪ್ಪಲಿ ಅದಲುಬದಲು ಹಾಕಿಕೊಂಡು ಹೋದರು. ಮಾರನೆಯ ದಿನ ಶಾಲೆ ಬಿಟ್ಟ ಕೂಡಲೇ ಮೇಲ್ಪೇಟೆಯ ಡಬ್ಬದಲ್ಲಿದ್ದ ಉದ್ದುದ್ದ ಪಟ್ಟಿಗಳನ್ನೆಲ್ಲ ಕೈಚೀಲದಲ್ಲಿ ತುಂಬಿಕೊಂಡು ಬಂದರು. "ಅಡ್ಡಕ್ಕೆ ಹನ್ನೆರಡು, ಮೇಲಕ್ಕೆ ಐದು. ಓರೆಗೆ ಹದಿಮೂರು. ಇದು ನಿಧಾನಕ್ಕೆ ಏರುತ್ತೆ."

ಸಾವಂತ್ರಮ್ಮ ಎಣಿಸಿ ಕಾಲು ಕೊಟ್ಟು ಒತ್ತಿದಳು. ಕೂರಲಿಲ್ಲ. ಟೀಚರು ಒತ್ತಿದರು. ಕೂರಲಿಲ್ಲ. ಇನ್ನೊಂದು ಪಟ್ಟಿ ತೆಗೆದು ಮೊದಲಿಂದ ಎಣಿಸಿದರು, ಅದೂ ಅಷ್ಟೇ. ಟೀಚರ ಮುಖ ಬಾಡಿತು. ಲೆಕ್ಕ ತಪ್ಪಲಿಲ್ಲ, ತಪ್ಪೋಕೆ ಸಾಧ್ಯ ಇಲ್ಲ ಅಂತ ತಮಗೆ ತಾವೇ ಹೇಳಿಕೊಂಡರು. ಬೀದಿಯಲ್ಲಿ ಯಾರದೋ ಮಗು ಮೆಟ್ಟಿಲು ಎಣಿಸುತ್ತಾ ಇಳಿಯುತ್ತಿತ್ತು. ಟೀಚರು ಆ ಕಡೆ ಕಿವಿಕೊಟ್ಟು ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡು ನಗಲು ಶುರುಮಾಡಿದರು. "ನಾವು ಗುಬುಟು ಎಣಿಸ್ತಾ ಇದೀವಿ. ಎಣಿಸ್ಬೇಕಾದ್ದು ಗುಬುಟಿಂದ ಗುಬುಟಿಗೆ ಇರೋ ದೂರ. ಹೊರಟ ಗುಬುಟು ಲೆಕ್ಕಕ್ಕೆ ಬರಲ್ಲ. ಪಟ್ಟಿ ಇನ್ನೊಂದು ಗುಬುಟು ಉದ್ದ ಬೇಕು."

ಇನ್ನೊಂದು ಗುಬುಟು ಉದ್ದ ಮಾಡಿದರು. ಸಾವಂತ್ರಮ್ಮ ಒತ್ತುವ ಮೊದಲು ಗಂಡನ ಕಡೆ ನೋಡಿದಳು. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಕಣ್ಣು ಮುಚ್ಚಿದ. ಅವಳು ಒತ್ತಿದಳು. "ಕೂತ್ಕೊಂತು" ಅಂದ ಅವನು, ಕಣ್ಣು ಬಿಡದೆ.

ಆಮೇಲೆ ಸಾವಂತ್ರಮ್ಮನಿಗೂ ಟೀಚರಿಗೂ ಹಗಲು ಸಾಲಲಿಲ್ಲ. ಒಂದೇ ಓರೆ ಎಳೆದರೆ ಬೀದಿ ಊರಾಚೆ ಹೋಗಿಬಿಡುತ್ತಿತ್ತು. ಆದ್ದರಿಂದ ಬಲಕ್ಕೆ ಏರಿ, ಗುಡ್ಡದ ಅರ್ಧದಲ್ಲಿ ಒಂದು ತಿರುವು ತೆಗೆದುಕೊಂಡು, ಎಡಕ್ಕೆ ಏರುವ ಹಾಗೆ ಮಾಡಿದರು. ಓರೆ ಬೀದಿ ಚೌಕ ಬೀದಿಗಳ ಮೇಲೆ ಒಂದು ಇಟ್ಟಿಗೆಯಷ್ಟು ಎತ್ತರದಲ್ಲಿ, ಕಂಬಗಳ ಮೇಲೆ ಹಾಯುತ್ತಿತ್ತು. ಅಡ್ಡ ಬೀದಿಯವರು ಅದರ ಅಡಿಯಿಂದ ಎಂದಿನಂತೆ ಓಡಾಡಬಹುದು. ಚೌಕ ಮನೆಗಳಿಗೂ ಓರೆ ಬೀದಿಗೂ ನಡುವೆ ಅಲ್ಲಲ್ಲಿ ಮುಮ್ಮೂಲೆಯ ಚೂರುಗಳು ಉಳಿದವು. ಯಾವ ಇಟ್ಟಿಗೆಯನ್ನೂ ಅದಕ್ಕೆ ಹೊಂದಿಸಲಾಗಲಿಲ್ಲ. "ಇರಲಿ ಬಿಡಿ ಟೀಚರೇ" ಅಂದಳು ಸಾವಂತ್ರಮ್ಮ. "ಯಾರ್ದೂ ಅಲ್ಲದ ಜಾಗ ಒಂದಿಷ್ಟು ಊರಲ್ಲಿರ್ಲಿ."

ಒಂದು ತೊಂದರೆ ಮಾತ್ರ ಉಳಿಯಿತು. ತಿರುವು ಬರಬೇಕಾದ ಕಡೆ ಒಂದು ಮನೆ ಇತ್ತು. ಬಿಳಿ ಗೋಡೆಯ ಕೆಂಪು ಮಾಡಿನ ದೊಡ್ಡ ಮನೆ. ಅದನ್ನು ಕಿತ್ತು ಓರೆಯಾಗಿ ತಿರುಗಿಸಿ ಇಡದೆ ಬೀದಿ ಮುಂದೆ ಹೋಗುವಂತಿರಲಿಲ್ಲ. ಅದು ಕರಿಬಸಯ್ಯನವರ ಮನೆ. ಓರೆ ಅಂದರೆ ಸಡಿಲ, ಸಡಿಲ ಅಂದರೆ ಸಾವು ಅಂತ ನಂಬಿರುವ ಮನುಷ್ಯನ ಮನೆ. ಚಾವಡಿಗೆ ಹೋಗಿ ದೊಡ್ಡ ಮಣೆಯ ಮೇಲೆ ಅಳತೆ ನೋಡುವಾಗ ಆ ಮನೆ ಬಂದಾಗಲೆಲ್ಲ ಟೀಚರು ಕೆಮ್ಮುತ್ತಿದ್ದರು.

ಚಾವಡಿಯಲ್ಲಿ ಎಲ್ಲ ಕೇರಿಯವರೂ ಸೇರಿದ ದಿನ ಅವರಿಬ್ಬರೂ ಆ ಮನೆಯನ್ನು ಮುಟ್ಟದೆ, ತಿರುವಿನ ಈಚೆಗೊಂದು ಆಚೆಗೊಂದು ಪಟ್ಟಿಯನ್ನು ಕೂರಿಸಿ ಸುಮ್ಮನೆ ಹಿಂದೆ ಸರಿದು ನಿಂತರು. ನಾನು ಜಗುಲಿಯಲ್ಲಿ ಜನರ ನಡುವೆ ಇದ್ದೆ. ಮರಿಯಪ್ಪ ಬರುವಂತಿರಲಿಲ್ಲ, ಚಾವಡಿಗೂ ಮೆಟ್ಟಿಲು ಹತ್ತಬೇಕು. ಕರಿಬಸಯ್ಯನವರು ಕೈ ಹಿಂದೆ ಕಟ್ಟಿಕೊಂಡು ಮಣೆಯ ಸುತ್ತ ಬಂದರು. ಓರೆ ಬೀದಿಯ ಹತ್ತಿರ ನಿಂತು ಬಗ್ಗಿದರು.

"ಎಲ್ಲರಿಗೂ ಕೇಳೋ ಹಾಗೆ ಹೇಳಿ, ಇದು ಯಾರು ಮಾಡಿದ್ದು?"

"ನಾನು" ಅಂದಳು ಸಾವಂತ್ರಮ್ಮ. "ಟೀಚರು ಲೆಕ್ಕ ಹೇಳಿಕೊಟ್ರು."

"ಅಂಟು?"

"ಇಲ್ಲ."

"ಎತ್ರಪ್ಪ" ಅಂದರು ಅವರು. "ಬೇರೆ ಮಾತು ಆಮೇಲೆ. ಮೊದ್ಲು ತಿರುಗಿಸಿ."

ನಾಲ್ಕು ಜನ ಮಣೆಯನ್ನು ಎತ್ತಿದರು, ಮೆಲ್ಲಗೆ ಬುಡಮೇಲು ಮಾಡಿದರು. ನಮ್ಮ ಇಡೀ ಊರು ತಲೆಕೆಳಗಾಗಿ ತೂಗಿತು. ಕರಿಬಸಯ್ಯನವರು ಹೆಬ್ಬೆರಳು ಮಡಿಸಿ ತಟ್ಟಲು ಶುರುಮಾಡಿದರು. ಬೇರೆ ಕೇರಿಗಳನ್ನು ದಾಟಿದರು. ನಮ್ಮ ಕೇರಿ ಬಂತು. ನಲ್ಲಿ, ಒಗೆಯುವ ಕಲ್ಲಿನ ಚಪ್ಪರ ಎರಡೂ ಅಲುಗಲಿಲ್ಲ. ಓರೆ ಬೀದಿಯ ಬುಡಕ್ಕೆ ಬಂದಾಗ ಅವರು ಹೆಬ್ಬೆರಳು ಬಿಟ್ಟು ಮುಷ್ಟಿ ಕಟ್ಟಿದರು. ಧಡ್ ಧಡ್ ಅಂತ ಗುದ್ದಿದರು. ಹಿಡಿದವರ ತೋಳು ನಡುಗಿತು. ಇನ್ನೊಮ್ಮೆ ಗುದ್ದಿದರು. ಆಗ ಸಣ್ಣಗೆ ಏನೋ ಉದುರಿ ನೆಲಕ್ಕೆ ಬಿತ್ತು.

ಸಾವಂತ್ರಮ್ಮನ ಮುಖ ಸುಣ್ಣ ಬಳಿದಂತಾಯಿತು. ಟೀಚರು ಕಣ್ಣು ಮುಚ್ಚಿಕೊಂಡರು. ಕರಿಬಸಯ್ಯನವರು ಕಷ್ಟಪಟ್ಟು ಮಂಡಿಯೂರಿ ನೆಲ ತಡಕಿ ಆ ಚೂರನ್ನು ಎತ್ತಿಕೊಂಡರು. ಹಳದಿ ಬಣ್ಣದ್ದು. ಬೆಳಕಿಗೆ ಹಿಡಿದು ನೋಡಿದರು. ಮೂಸಿದರು. ಆಮೇಲೆ ಬಾಯಿಗೆ ಹಾಕಿಕೊಂಡು ಅಗಿದರು.

"ಉದ್ದಿನ ಹಪ್ಪಳ" ಅಂದರು. "ಸ್ವಲ್ಪ ಉಪ್ಪು ಮುಂದು."

ಜಗುಲಿ ಒಡೆದುಹೋಗುವಂತೆ ಜನ ನಕ್ಕರು. ಮಣೆ ಹಿಡಿದವರಲ್ಲಿ ಒಬ್ಬ ನಗುವಿಗೆ ತಡೆಯಲಾರದೆ, "ಬೇಗ ಹೇಳಿ ಸ್ವಾಮಿ, ಕೈ ಬಿಟ್ಹೋಗುತ್ತೆ" ಅಂದ. ಕರಿಬಸಯ್ಯನವರು ನಗಲಿಲ್ಲ. ಎದ್ದು ನಿಂತು ಓರೆ ಬೀದಿಯನ್ನು ತುದಿಯಿಂದ ತುದಿಗೆ ಮತ್ತೊಮ್ಮೆ ತಟ್ಟಿದರು, ಈ ಸಲ ಮೆಲ್ಲಗೆ, ಕುದುರೆಯ ಬೆನ್ನು ಸವರುವ ಹಾಗೆ. ಮಣೆಯನ್ನು ಇಳಿಸಿ ನೆಟ್ಟಗೆ ಇಡಿಸಿದರು. ಆಮೇಲೆ ಸಾವಂತ್ರಮ್ಮನ ಕಡೆ ತಿರುಗಿದರು.

"ನನ್ನ ಮನೆ ಮುಂದೆ ಬಂದು ಬೀದಿ ನಿಂತಿದೆ. ಯಾಕೆ ಮುಂದೆ ಹೋಗಿಲ್ಲ?"

"ಕೇಳ್ದೆ ಮುಟ್ಟೋ ಹಾಗಿಲ್ವಲ್ಲ ಅಯ್ಯನೋರೇ."

"ನೀನು ಮೊನ್ನೆ ಪಟ್ಟಿ ಹಿಡ್ಕೊಂಡು ಇಲ್ಲಿ ಅಳತೆ ನೋಡೋವಾಗ್ಲೇ ನನಗೆ ಗೊತ್ತಾಯ್ತು, ಅದು ಎಲ್ಲಿಗೆ ಬರುತ್ತೆ ಅಂತ. ನನ್ನ ಮನೆ ಅಡ್ಡ ಇದೆ ಅಂತ ಕರಿಬಸಯ್ಯ ಬೇಡ ಅಂದ ಅಂತ ನಾಳೆ ಯಾರೂ ಅನ್ನಬಾರ್ದು. ಅದಕ್ಕೇ ಮೊದ್ಲು ಗುದ್ದಿ ನೋಡ್ದೆ. ಗಟ್ಟಿಯಾಗಿದೆ." ಬಿಳಿ ಮನೆಯ ಕಡೆ ಬೆರಳು ತೋರಿಸಿದರು. "ನನ್ನ ಮನೇನ ತಿರುಗ್ಸು."

"ಮನೇಲಿ ಅಮ್ಮಾವ್ರನ್ನ ಕೇಳಿದೀರಾ?" ಅಂದರು ಟೀಚರು.

"ಅವಳೇ ಹೇಳಿ ಕಳಿಸಿದ್ದು. ಮಂಡಿ ನೋವು ಅಂತ ಮೆಟ್ಟಿಲು ಇಳಿಯೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಕೆರೆ ಏರಿ ಮೇಲೆ ಒಂದ್ಸಲ ಓಡಾಡ್ಬೇಕಂತೆ. ಮನೆ ಸೊಟ್ಟ ಆದ್ರೆ ಆಗ್ಲಿ ಅಂದ್ಳು."

ಸಾವಂತ್ರಮ್ಮ ಆ ಬಿಳಿ ಮನೆಯನ್ನು ಎರಡೂ ಕೈಯಿಂದ ಎತ್ತಿದಳು. ಮನೆಯ ಕೆಳಗೆ ದುಂಡು ಕಾಲುಗಳನ್ನು ಕೊಟ್ಟು, ಟೀಚರು ಎಣಿಸಿ ತೋರಿಸಿದ ಗುಬುಟುಗಳ ಮೇಲೆ ಇಟ್ಟು, ಅಂಗೈ ಊರಿ ಒತ್ತಿದಳು. ಅದು ಕೂತ ಸದ್ದು ಜಗುಲಿಗೂ ಕೇಳಿಸಿತು. ತಿರುವಿನ ಪಟ್ಟಿ ಸೇರಿತು. ಮತ್ತೆ ತಿರುಗಿಸಿದರು, ಮತ್ತೆ ಗುದ್ದಿದರು. ಈ ಸಲ ಹಪ್ಪಳದ ಚೂರೂ ಬೀಳಲಿಲ್ಲ.

ಊರು ಕೂರುವ ಬೆಳಿಗ್ಗೆ ನಾನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಆಚೆ ಸಾವಂತ್ರಮ್ಮನೂ ಹಾಗೇ ಕೂತಿರುತ್ತಾಳೆ ಅಂತ ಗೊತ್ತಿತ್ತು. ಎಂದಿನಂತೆ ಮೊದಲು ಹಕ್ಕಿಗಳು ಸುಮ್ಮನಾದವು. ನೆಲ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಅಲುಗಿತು, ಬಿಂದಿಗೆಯಲ್ಲಿ ನೀರು ಒಂದು ಸುತ್ತು ತಿರುಗಿತು. ಆಮೇಲೆ ಪ್ರತಿವರ್ಷ ಇಲ್ಲದ ಒಂದು ಸದ್ದು ಬಂತು. ಗುಡ್ಡದ ಮೈಮೇಲೆ ಯಾರೋ ಉದ್ದನೆಯ ಚಾಪೆಯನ್ನು ಬಿಚ್ಚಿ ಹಾಸಿದ ಹಾಗೆ, ಕೆಳಗಿನಿಂದ ಮೇಲಕ್ಕೆ. ಕೊನೆಗೆ ಗಟ್ಟಿಯಾದ ಒಂದು ಟಕ್. ಗೋಡೆಯ ಆಚೆಯಿಂದ ಮರಿಯಪ್ಪನ ಧ್ವನಿ ಕೇಳಿಸಿತು. "ಕೂತ್ಕೊಂತು."

ಬಾಗಿಲು ತೆರೆದರೆ ಬೀದಿ ಇತ್ತು. ಬೂದುಬಣ್ಣದ ಅಗಲವಾದ ಬೀದಿ, ದುಂಡು ಕಂಬಗಳ ಮೇಲೆ, ಮನೆಗಳ ನಡುವೆ ಓರೆಯಾಗಿ ಏರುತ್ತಾ ಹೋಗಿತ್ತು. ಒಂದು ಮೆಟ್ಟಿಲೂ ಇಲ್ಲ. ಯಾವ ಬೀದಿಯಲ್ಲಿ ನಿಂತರೂ ಎದುರು ಮನೆಯ ಗೋಡೆಯನ್ನೇ ಕಾಣುತ್ತಿದ್ದ ನಮಗೆ, ಅಲ್ಲಿ ನಿಂತರೆ ಒಂದೇ ನೋಟಕ್ಕೆ ಕೆರೆಯೂ ಕಂಡಿತು, ಶಾಲೆಯ ಗಂಟೆಯೂ ಕಂಡಿತು. ಮೊದಮೊದಲು ಜನಕ್ಕೆ ನಡೆಯಲು ಬರಲಿಲ್ಲ. ಮೆಟ್ಟಿಲಿನ ಅಭ್ಯಾಸಕ್ಕೆ ಮಂಡಿಯನ್ನು ಎತ್ತೆತ್ತಿ ಹಾಕುತ್ತಿದ್ದರು. ಗಾಣದವರು ಎಣ್ಣೆ ಡಬ್ಬಗಳನ್ನು ಕೈಗಾಡಿಯಲ್ಲಿ ಹೇರಿ, ಗಾಡಿ ಬರುತ್ತಿರುವುದು ನಿಜವೋ ಅಂತ ಹಿಂದೆ ತಿರುಗಿ ತಿರುಗಿ ನೋಡುತ್ತಾ ಹತ್ತಿದರು. ಮೇಲ್ಪೇಟೆಯ ಮುದುಕಿಯರು ಮಾತಾಡಿಕೊಂಡು ಇಳಿದು ಬಂದರು, ಕೆಳಗೆ ಬಂದ ಮೇಲೆ ದಣಿವೇ ಆಗಲಿಲ್ಲವಲ್ಲ ಎಂದು ಅವರಿಗೇ ಅನುಮಾನ. ತಿರುವಿನ ಮನೆಯಲ್ಲಿ ಕರಿಬಸಯ್ಯನವರ ಹೆಂಡತಿ, ಅಡುಗೆಮನೆಗೆ ಹುಟ್ಟಿದ ಮೇಲೆ ಮೊದಲ ಸಲ ಬಿಸಿಲು ಬಂದಿದೆ, ಮಂಚ ಯಾವ ಗೋಡೆಗೆ ಹಾಕಿದರೂ ಹೊಂದುತ್ತಿಲ್ಲ ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ಮುಮ್ಮೂಲೆಯ ಜಾಗಗಳಲ್ಲಿ ಮಧ್ಯಾಹ್ನದ ಹೊತ್ತಿಗೇ ಜನ ಕೂತಾಗಿತ್ತು. ಒಂದರಲ್ಲಿ ಯಾರೋ ಚೌಕಾಬಾರ ಬರೆದಿದ್ದರು.

ಸಾವಂತ್ರಮ್ಮ ಮಾತ್ರ ಮನೆಯಿಂದ ಹೊರಗೆ ಬಂದಿರಲಿಲ್ಲ. ನಾನು ಹೋಗಿ ನೋಡಿದರೆ ಮರಿಯಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, 'ಈಗ ಬೇಡ, ಜನ ಕಡಿಮೆಯಾಗಲಿ' ಅಂತ ಕೂತಿದ್ದ. ಅವಳು ಎದುರಿಗೆ ನಿಂತಿದ್ದಳು.

"ಜನ ನೋಡ್ತಾರೆ" ಅಂದ ಅವನು.

"ನೋಡ್ಲಿ. ಹೊತ್ಕೊಂಡು ಹೋಗ್ತಿಲ್ವಲ್ಲ."

ಸಂಜೆಯ ಬಿಸಿಲಲ್ಲಿ ಹೊರಟರು. ಬೀದಿಯ ಬುಡದ ತನಕ ಅವಳು ಕುರ್ಚಿಯ ಹಿಡಿಕೆ ಹಿಡಿದು ತಳ್ಳಿದಳು. ಏರು ಶುರುವಾದ ಕಡೆ ಅವನು ಗಾಲಿ ಒತ್ತಿ ಹಿಡಿದು ನಿಲ್ಲಿಸಿದ. "ಕೈ ಬಿಡು" ಅಂದ.

"ಏರಿದೆ ರೀ."

"ಗೊತ್ತು. ಬಿಡು."

ಅವಳು ಬಿಟ್ಟಳು, ಆದರೆ ಬೆರಳುಗಳನ್ನು ಹಿಡಿಕೆಯಿಂದ ಒಂದು ಗೇಣು ಹಿಂದೆ ಹಾಗೇ ಇಟ್ಟುಕೊಂಡು ನಡೆದಳು, ಮಗು ಅಂಬೆಗಾಲು ಬಿಟ್ಟು ಎದ್ದಾಗ ತಾಯಂದಿರು ಇಟ್ಟುಕೊಳ್ಳುವ ಹಾಗೆ. ಅವನು ಎರಡೂ ಗಾಲಿಗಳನ್ನು ಹಿಡಿದು ಮುಂದಕ್ಕೆ ಎಳೆದ. ಕುರ್ಚಿ ಏರಿತು. ಮತ್ತೆ ಎಳೆದ. ಕ್ಲಾರಿಯೋನೆಟ್ ಊದಿದ ಎದೆ, ಹಾರ್ಮೋನಿಯಂ ಬಿಚ್ಚಿದ ತೋಳು. ಅವನಿಗೆ ಒಂದು ಲಯ ಸಿಕ್ಕಿತು. ಮೊದಲ ಮನೆಗಳನ್ನು ದಾಟಿದ. ಬಾಗಿಲಿಗೆ ಬಂದು ನಿಂತವರು ದಾರಿ ಬಿಟ್ಟರು. ಕರಿಬಸಯ್ಯನವರು ತಿರುವಿನಲ್ಲಿ ಎದ್ದು ನಿಂತು ತಲೆಯಾಡಿಸಿದರು. ಅವನೂ ತಲೆಯಾಡಿಸಿದ, ನಿಲ್ಲಲಿಲ್ಲ. ತಿರುವಿನಲ್ಲಿ ಕುರ್ಚಿಯನ್ನು ಒಂದೇ ಗಾಲಿಯ ಮೇಲೆ ಹೊರಳಿಸಿ ಎಡಕ್ಕೆ ಹಿಡಿದ.

"ಸ್ವಲ್ಪ ನಿಂತ್ಕೊಳ್ಳಿ" ಅಂದಳು ಸಾವಂತ್ರಮ್ಮ. ಅವಳಿಗೆ ಏದುಸಿರು ಬಂದಿತ್ತು.

"ನೀನು ನಿಧಾನಕ್ಕೆ ಬಾ" ಅಂದ ಅವನು, ಮುಂದಿನಿಂದಲೇ. "ಸಂತೆ ಹತ್ರ ಇರ್ತೀನಿ."

ಅವಳು ತಿರುವಿನಲ್ಲಿ ನಿಂತು ಅವನು ಹೋಗುವುದನ್ನು ನೋಡಿದಳು. ನಾನು ಅವಳ ಹಿಂದೆಯೇ ಇದ್ದೆ. ತಲೆಯ ಮೇಲೆ ಡಬ್ಬ ಇಲ್ಲ, ಕಂಕುಳಲ್ಲಿ ಇಲ್ಲ, ಮುಂದೆ ತಳ್ಳುವ ಕುರ್ಚಿಯೂ ಇಲ್ಲ. ಆ ಎರಡು ಕೈಗಳನ್ನು ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಸೆರಗು ಹಿಡಿದಳು, ಬಿಟ್ಟಳು. ಸೊಂಟದ ಮೇಲೆ ಇಟ್ಟಳು, ತೆಗೆದಳು. ಕೊನೆಗೆ ಅವೆರಡನ್ನೂ ಸುಮ್ಮನೆ ಕೆಳಗೆ ಬಿಟ್ಟು, ಶಾಲೆ ಬಿಟ್ಟ ಹುಡುಗಿಯ ಹಾಗೆ ಕೈಬೀಸಿಕೊಂಡು, ಓರೆ ಬೀದಿಯಲ್ಲಿ ಮೇಲಕ್ಕೆ ನಡೆದಳು.